ರಸ್ತೆಗೆ ಹರಡಿದ ಹುರುಳಿ

ಟಾರು ರಸ್ತೆಗೆ ಹರಡಿದ್ದ ಹುರುಳಿ ಗಿಡಕ್ಕೆ ಚಕ್ರ ಸಿಕ್ಕಿಕೊಂಡು, ಸೈಕಲ್ಲಿನಲ್ಲಿ ಬಂದ ಕಾಲೇಜು ಹುಡುಗಿಯೊಬ್ಬಳು ನನ್ನ ಕಣ್ಣೆದುರೇ ಬಿದ್ದಳು. ಗಾಡಿಗಳು ತುಳಿದರೆ ಕಾಳು ಉದುರುತ್ತದೆಂದು ಬೆಳಿಗ್ಗೆ ಅದನ್ನು ಹರಡಿದವನು ನಾನೇ.

ಅವಳ ಅಂಗೈ, ಮೊಣಕಾಲು ತರಚಿ ರಕ್ತ ಬರುತ್ತಿತ್ತು. “ಯಾರದ್ದು ತಾತ ಇದು?” ಎಂದಳು.

“ಗೊತ್ತಿಲ್ಲ ಕಣವ್ವ, ಯಾರೋ ಹಾಕವ್ರೆ,” ಎಂದುಬಿಟ್ಟೆ.

ಅವಳು ನಂಬಿದಳು. “ಹಿಂದೆ ನನ್ನ ಫ್ರೆಂಡ್ ಬರ್ತಿದ್ದಾಳೆ, ಅವಳೂ ಬೀಳ್ತಾಳೆ,” ಎನ್ನುತ್ತ ಅದೇ ಕೈಯಲ್ಲಿ ಗಿಡ ಬಾಚಿ ಪಕ್ಕಕ್ಕೆ ಹಾಕತೊಡಗಿದಳು. ನಾನೂ ಯಾರದೋ ಬೆಳೆ ಎಂಬಂತೆ ಕೈಜೋಡಿಸಿದೆ. ಈಜು, ಸೈಕಲ್, ಓಟ ಮೂರನ್ನೂ ಬಿಡುವಿಲ್ಲದೆ ಮುಗಿಸುವ ಟ್ರಯಥ್ಲಾನ್ ಸ್ಪರ್ಧೆ ಭಾನುವಾರ ಇದೆ, ಅದಕ್ಕೇ ಈ ಅಭ್ಯಾಸ ಎಂದಳು. ಕೊಡಗಿನಲ್ಲಿ ಇಷ್ಟು ಸಪಾಟಾದ ರಸ್ತೆ ಸಿಗುವುದು ನಮ್ಮ ಕುಶಾಲನಗರದ ಕಡೆ ಮಾತ್ರವಂತೆ. ನಾನು ಅಲ್ಲಿ ಒಕ್ಕಣೆ ಮಾಡುತ್ತಿದ್ದುದೂ ಅದಕ್ಕೇ.

“ಓಡೋದೊಂದು ಬಾಕಿ. ಸೈಕಲ್ ನೋಡ್ಕೊಳ್ಳಿ ತಾತ,” ಎಂದು ಕುಂಟುತ್ತಲೇ ಓಡಿದಳು.

ಮೊಣಕಾಲು ಊದಿ ಅವಳು ಸ್ಪರ್ಧೆಗೆ ಹೋಗಲಿಲ್ಲವೆಂದು ಅವಳ ಗೆಳತಿಯಿಂದ ಆಮೇಲೆ ತಿಳಿಯಿತು.

ಈಗ ನಮ್ಮ ಒಕ್ಕಣೆ ಹಿತ್ತಲಲ್ಲೇ. ಅವಳು ಮತ್ತೆ ಅಭ್ಯಾಸಕ್ಕೆ ಬರುತ್ತಾಳೆ, ನನ್ನನ್ನು ಕಂಡರೆ “ತಾತಾ” ಎಂದು ಕೂಗಿ ಕೈಬೀಸುತ್ತಾಳೆ. ಎದುರಿಗೆ ಹೇಳಲು ನನಗೆ ಇನ್ನೂ ಬಾಯಿ ಬಂದಿಲ್ಲ. ನಾನು ಇದನ್ನು ಬರೆದು ಕಳಿಸುತ್ತಿರುವ ಈ ಪತ್ರಿಕೆ ಅವಳ ಹಾಸ್ಟೆಲಿಗೂ ಬರುತ್ತದಂತೆ. ಅವ್ವಾ, ಆ ಹುರುಳಿ ನನ್ನದೇ.