ಮಾಲ್ಮೋ ಬೆಂಚಿನ ಮೇಲೆ ಕಲಿತ ಕ್ರಿಯಾಪದ

ಮೊಮ್ಮಕ್ಕಳೇ, ಸ್ವೀಡನ್ನಿನ ಮಾಲ್ಮೋ ರೈಲು ನಿಲ್ದಾಣದಲ್ಲಿ ನನ್ನನ್ನು ಬೆಂಚಿನ ಮೇಲೆ ಕೂರಿಸಿ ನಿಮ್ಮಮ್ಮ ಮರೆತ ಚೀಲ ತರಲು ಓಡಿದಳು. ಎಷ್ಟು ಹೊತ್ತಾದರೂ ಬರಲಿಲ್ಲ. ಹುಡುಕಲು ನಾನು ಮತ್ತೆ ಮತ್ತೆ ಏಳುತ್ತಿದ್ದೆ. ಪಕ್ಕದಲ್ಲಿ ತಮ್ಮ ರೈಲಿಗೆ ಕಾಯುತ್ತಿದ್ದ, ಆಗಷ್ಟೇ ಪರಿಚಯವಾದ ಕಾರವಾರದ ಫಿಲೋಮಿನಾ ನನ್ನ ಕೋಟು ಹಿಡಿದೆಳೆದರು. ಅವರು ಆ ಊರಲ್ಲಿ ಪೋರ್ಚುಗೀಸ್ ಭಾಷೆ ಕಲಿಸುತ್ತಾರಂತೆ.

“ನೀವೂ ಕಳೆದುಹೋಗ್ಬೇಕಾ ಅಕ್ಕಾ? ಕೂತು ‘ಫಿಕಾರ್’ ಕಲೀರಿ. ಇದ್ದಲ್ಲೇ ಉಳಿಯೋದು ಅಂತ ಅರ್ಥ. ಲ್ಯಾಟಿನ್ನಿಂದ ಬಂದದ್ದು, ಅಲ್ಲಿ ಅದರರ್ಥ ಮೊಳೆ ಹೊಡೆದ ಹಾಗೆ ನಾಟೋದು. ಫಿಕು, ನಾನು ಉಳೀತೇನೆ. ಫಿಕಶ್, ನೀನು ಉಳೀತೀ. ಫಿಕಾಮುಶ್, ನಾವು ಉಳೀತೇವೆ.”

ನಾಚಿಕೆ ಬಿಟ್ಟು ಮಗ್ಗಿಯ ರಾಗದಲ್ಲಿ ಒಪ್ಪಿಸಿದೆ. ರೈಲಿಗೆ ಕಾದು ನಿಂತಿದ್ದವರೆಲ್ಲ ತಿರುಗಿ ನೋಡಿದರು. ಅಷ್ಟರಲ್ಲಿ ಫಿಲೋಮಿನಾರ ರೈಲು ಬಂತು.

“ಏಳಿ, ನಿಮ್ಮ ರೈಲು!” ಎಂದೆ.

“ರಾಗ ತಪ್ಪಿತು, ಮೊದಲಿಂದ ಹೇಳಿ,” ಎಂದರು. ಎದುರಿಗೆ ರೈಲಿನ ಬಾಗಿಲು ಮುಚ್ಚಿಕೊಳ್ಳುತ್ತಿದ್ದರೂ ಅವರು ನನ್ನ ಪಕ್ಕದಿಂದ ಏಳಲಿಲ್ಲ.