ಅಳಿಸುವ ಹಾಡು ಬಿಟ್ಟ ಗದಿಗೆಪ್ಪ

ಹ್ಯೂಸ್ಟನ್ನಿನ ತೈಲ ಕಂಪನಿಯೊಂದರಲ್ಲಿ ಎಂಜಿನಿಯರ್ ಆಗಿ ನಿವೃತ್ತರಾದ ಧಾರವಾಡದ ಗದಿಗೆಪ್ಪ ಟೆಕ್ಸಾಸ್ ಕನ್ನಡಿಗರ ಪಾಲಿಗೆ ಕಂಟ್ರಿ ಮ್ಯೂಸಿಕ್ ಸ್ಟಾರ್. ಕೌಬಾಯ್ ಹ್ಯಾಟನ್ನು ಅವರು ದೇವರ ಮುಂದೆ ಬಿಟ್ಟರೆ ಇನ್ನೆಲ್ಲೂ ತೆಗೆಯುವವರಲ್ಲ; ಎದುರಾದವರಿಗೆಲ್ಲ "ಹೌಡಿ ರೀ!" ಎನ್ನುತ್ತಾರೆ, ಡಾಲಸ್‌ಗೆ ಹೊರಟರೆ ದಾರಿಬದಿಯ ದನಗಳೂ ತಲೆಯೆತ್ತುವಂತೆ ಕಾರಿನಲ್ಲೇ ಹಾಡುತ್ತ ಹೋಗುತ್ತಾರೆ. ಅವರಿಗೆ ಹೆಸರು ತಂದದ್ದು ಅಳಿಸುವ ಹಾಡುಗಳು. ಹೆಂಡತಿ ತೊರೆದುಹೋದ ಒಂಟಿ ಗಂಡಸಿನ ಹಾಡು ಎತ್ತಿಕೊಂಡರೆ ಆಸ್ಟಿನ್‌ನ ಬಾರಿನಲ್ಲಿ ಕಟ್ಟುಮಸ್ತಾದ ಗಂಡಸರು ಬಿಕ್ಕುತ್ತಿದ್ದರು. ಮುಂದಿನ ಸಾಲಿನಲ್ಲಿ ಹೆಂಡತಿ ಸುಮಿತ್ರವ್ವ ಮಾತ್ರ ಬಾಯಿಗೆ ಸೆರಗು ಒತ್ತಿ ನಗುತ್ತಿದ್ದರು. ಹೋದ ವರ್ಷ ಸುಮಿತ್ರವ್ವ ತೀರಿಕೊಂಡರು. ಅಂದಿನಿಂದ ಗದಿಗೆಪ್ಪ ಹಾಡುವುದು ಬರೀ ಕುಣಿತದ ಹಾಡು. ಅಪ್ಪನ ಬಗ್ಗೆ ಡಾಕ್ಯುಮೆಂಟರಿ ತೆಗೆಯುತ್ತಿದ್ದ ಮಗಳು ಪ್ರೇರಣಾಗೆ ಇದು ಅರ್ಥವಾಗಲಿಲ್ಲ. ಅಮ್ಮ ಹೋದ ಮೇಲೆ ಇವರು ಒಮ್ಮೆಯೂ ಅತ್ತಿಲ್ಲವೆಂಬ ಸಿಟ್ಟೂ ಅವಳಿಗಿತ್ತು. ಕ್ಯಾಮೆರಾ ಆನ್ ಮಾಡಿ, "ಅಪ್ಪಾ, ಆ ಹಳೇ ಹಾಡು ಒಮ್ಮೆ ಹಾಡ್ರಿ, ಪ್ಲೀಸ್" ಎಂದಳು. ಗದಿಗೆಪ್ಪ ಗಿಟಾರಿನ ಮೇಲೆ ಬೆರಳಿಟ್ಟರು, ಮತ್ತೆ ತೆಗೆದರು. "ಆಕಿ ಮನ್ಯಾಗ ಇದ್ಲವ್ವಾ, ಅದಕ್ಕ ಆ ಹಾಡು ಹಾಡ್ತಿದ್ದೆ. ಈಗ ಹೆಂಗ ಹಾಡ್ಲೆವ್ವಾ?" ಎಂದು ಕುಣಿತದ ಹಾಡನ್ನೇ ಶುರುಮಾಡಿದರು. ಪ್ರೇರಣಾ ಕ್ಯಾಮೆರಾವನ್ನು ಕುರ್ಚಿಯ ಮೇಲಿಟ್ಟು, ಅಪ್ಪನ ಪಕ್ಕ ಕೂತು, ಚಪ್ಪಾಳೆ ತಟ್ಟುತ್ತ ತಾಳ ಹಾಕಿದಳು.