ಗೋಡೆಯ ಮೇಲೆ ಮಲಗಿದ್ದ ಮಗು

ಇದನ್ನು ಓದಿ ನೀವು ನಗಬಹುದು. ಬೇರೆ ಯಾರಾದರೂ ಬರೆದಿದ್ದರೆ ಮೊದಲು ನಗುತ್ತಿದ್ದವಳು ನಾನೇ. ಶಕುನ, ಸೂಚನೆ, ದೃಷ್ಟಿ ಎಂದರೆ ನನಗೆ ಮೈ ಉರಿಯುತ್ತಿತ್ತು. ರಸಾಯನಶಾಸ್ತ್ರ ಓದಿ, ದೆಹಲಿಯ ಜನಕಪುರಿಯ ಶಾಲೆಯೊಂದರಲ್ಲಿ ಅದನ್ನೇ ಪಾಠ ಹೇಳುತ್ತಿದ್ದವಳು ನಾನು. ಬೆಕ್ಕು ಅಡ್ಡ ಬಂತೆಂದು ಸ್ಕೂಟರ್ ನಿಲ್ಲಿಸಿದ ಗಂಡನಿಗೆ ನಡುರಸ್ತೆಯಲ್ಲೇ ಬೈದದ್ದುಂಟು.

ಆಗ ದ್ವಾರಕಾಕ್ಕೆ ಮೆಟ್ರೊ ಬಂದ ಹೊಸತು. ನಾವು ಅಲ್ಲೊಂದು ಹೌಸಿಂಗ್ ಸೊಸೈಟಿಯ ನಾಲ್ಕನೇ ಮಹಡಿಯಲ್ಲಿದ್ದೆವು. ನಾನು ಎರಡನೇ ಸಲ ಬಸುರಿ. ಮೊದಲನೆಯದು ಎಂಟನೇ ತಿಂಗಳಲ್ಲಿ ಹೊಟ್ಟೆಯಲ್ಲೇ ಹೋಗಿತ್ತು. ಅದರ ಓಡಾಟ ನಿಂತಾಗ, ಮಲಗಿರಬೇಕು ಅಂದುಕೊಂಡು ಎಲ್ಲರೂ ಸುಮ್ಮನಿದ್ದೆವು. ಹಾಗಾಗಿ ಈ ಸಲ ಮಗು ಒದ್ದರೆ ಸಮಾಧಾನ, ಒದೆಯದಿದ್ದರೆ ಜೀವ ಬಾಯಿಗೆ ಬರುತ್ತಿತ್ತು. ಡಾಕ್ಟರು ಪ್ರಯಾಣ ಬೇಡವೆಂದದ್ದರಿಂದ ತವರಿಗೆ ಹೋಗಲಿಲ್ಲ. ತುಮಕೂರಿನಿಂದ ಅತ್ತೆಯೇ ಬಂದರು.

ಬಂದವರು ಮೊದಲು ಕೇಳಿದ್ದು ಬಾಲಕೃಷ್ಣನ ಪಟ. ಬಸುರಿಯ ಕಣ್ಣೆದುರು ಮುದ್ದಾದ ಮಗುವಿನ ಚಿತ್ರವಿದ್ದರೆ ಹುಟ್ಟುವುದೂ ಹಾಗೇ ಇರುತ್ತದೆಂದು ನಮ್ಮ ಕಡೆ ನಂಬಿಕೆ. ನಮ್ಮ ಮನೆಯಲ್ಲಿ ಅಂಥದ್ದೆಲ್ಲಿ! ಸರ್ಕಾರಿ ಕಚೇರಿಯಲ್ಲಿದ್ದ ನನ್ನ ಗಂಡನಿಗೆ ಇಟಲಿಯಿಂದ ಬಂದಿದ್ದ ಯಾರೋ ದೊಡ್ಡದೊಂದು ಕ್ಯಾಲೆಂಡರ್ ಕೊಟ್ಟಿದ್ದರು. ಅದರ ತುಂಬ ಐನೂರು ವರ್ಷ ಹಿಂದಿನ ಅಲ್ಲಿಯ ದೇವರ ಚಿತ್ರಗಳು. ಅತ್ತೆ ತಿರುವಿ ತಿರುವಿ ನೋಡಿ ಒಂದು ಹಾಳೆ ಆರಿಸಿದರು. ನೀಲಿ ಬಟ್ಟೆ ಹೊದ್ದ ಮೇರಿ, ಅವಳ ಮಡಿಲಲ್ಲಿ ನಿದ್ದೆ ಹೋದ ಗುಂಡುಗುಂಡಾದ ಮಗು. ಕೊರಳಲ್ಲಿ ಹವಳದ ಸರ. ಒಂದು ಕೈ ಕೆಳಗೆ ಜೋತುಬಿದ್ದಿತ್ತು.

“ನೋಡೇ, ಹವಳ ಬೇರೆ ಹಾಕಿದಾರೆ, ದೃಷ್ಟಿ ಆಗ್ದಿರ್ಲಿ ಅಂತ. ಅವ್ರೂ ನಮ್ ಥರಾನೇ ಕಣೇ!” ಎಂದು ಹಿಗ್ಗಿ ಅದನ್ನು ನನ್ನ ಮಂಚದೆದುರಿನ ಗೋಡೆಗೆ ಅಂಟಿಸಿದರು. ಏನಾದರೂ ಮಾಡಿಕೊಳ್ಳಲಿ ಎಂದು ನಾನೂ ಬಿಟ್ಟೆ.

ಕೆಳಗಿನ ಮನೆಯ ಲವೀನಾ ಮಂಗಳೂರಿನವಳು. ಗುಡಗಾಂವದ ಕಂಪನಿಯೊಂದರಲ್ಲಿ ಕೆಲಸ, ಕಾಲೇಜಿನಲ್ಲಿ ಓದಿದ್ದು ಚಿತ್ರಕಲೆಯ ಇತಿಹಾಸ. ಒಂದು ಭಾನುವಾರ ನನ್ನನ್ನು ನೋಡಲು ಬಂದವಳು ಚಿತ್ರ ಕಂಡು ಖುಷಿಯಿಂದ ಹತ್ತಿರ ಹೋದಳು. ಆ ಕಾಲದವರು ಯಾವುದನ್ನೂ ಸುಮ್ಮನೆ ಬರೆಯುತ್ತಿರಲಿಲ್ಲವಂತೆ. ಕಿಟಕಿಯಲ್ಲಿ ಕೂತ ಪುಟ್ಟ ಹಕ್ಕಿಯ ಮುಖದ ಕೆಂಪು, ಮುಂದೆ ಈ ಮಗು ಸುರಿಸಲಿರುವ ರಕ್ತ. ಹವಳವೂ ಬರೀ ದೃಷ್ಟಿಗಲ್ಲ, ಅದೂ ರಕ್ತವೇ. ಹೀಗೆ ಹೇಳುತ್ತಾ ಹೋದವಳು ನನ್ನ ಹೊಟ್ಟೆಯತ್ತ ನೋಡಿ ತಟ್ಟನೆ ನಿಲ್ಲಿಸಿದಳು.

“ನಿದ್ದೆಗೂ ಅರ್ಥ ಇದೆಯಾ?” ಎಂದೆ.

“ಅದೆಲ್ಲ ಈಗ ಎಂಥಕ್ಕೆ ಮಾರಾಯ್ತಿ, ಬಿಡು.”

“ಹೇಳೇ ಸುಮ್ನೆ.”

“ಶಿಲುಬೆಯಿಂದ ಇಳಿಸಿದ ಮಗನನ್ನು ತಾಯಿ ಹೀಗೇ ಮಡಿಲಲ್ಲಿ ಮಲಗಿಸಿಕೊಳ್ತಾಳೆ. ಅದಕ್ಕೇ ಕೈ ಹಾಗೆ ಜೋತು ಬಿದ್ದಿರುವುದು. ಅವಳಿಗೆ ಈಗಲೇ ಅದು ಗೊತ್ತುಂಟು, ಮುಖ ನೋಡು.”

ನೋಡಿದೆ. ಆಮೇಲೆ ಆ ಮಗು ನಿದ್ದೆ ಮಾಡುತ್ತಿರುವ ಹಾಗೆ ನನಗೆ ಕಾಣಲೇ ಇಲ್ಲ.

ಕಿತ್ತು ಬಿಸಾಡಬಹುದಿತ್ತಲ್ಲ ಎನ್ನುತ್ತೀರಿ. ಬಸುರಿಯ ಕಣ್ಣೆದುರಿಂದ ಮಗುವಿನ ಪಟ ತೆಗೆಯುವುದು ಅಪಶಕುನವೆಂದು ಅತ್ತೆ ಕೂಗಾಡುತ್ತಿದ್ದರು, ಅದು ಬೇರೆ ಮಾತು. ನಿಜವಾದ ತೊಡಕು ನನ್ನ ಜಂಬ. ಕಾಗದದ ಹಾಳೆಗೆ ಹೆದರಿದೆನೆಂದು ಒಪ್ಪಿಕೊಂಡರೆ ಇಷ್ಟು ದಿನ ಬೈದಾಡಿದ್ದೆಲ್ಲ ಏನಾಗಬೇಕು? ಹಲ್ಲು ಕಚ್ಚಿಕೊಂಡು ಅದನ್ನೇ ನೋಡುತ್ತಾ ಮಲಗುತ್ತಿದ್ದೆ. ದಿನಾ ನೋಡುತ್ತಿದ್ದೆ, ದಿನಾ ಹೆದರುತ್ತಿದ್ದೆ.

ಅದೊಂದು ಮಧ್ಯಾಹ್ನ ಕರೆಂಟು ಹೋಯಿತು. ಮೇ ತಿಂಗಳ ದೆಹಲಿ, ಫ್ಯಾನು ನಿಂತರೆ ಮುಗಿಯಿತು. ಅತ್ತೆ ಬಾಲ್ಕನಿಯಲ್ಲಿ ಸಂಡಿಗೆ ಒಣಗಿಸುತ್ತಿದ್ದರು. ನಾನು ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಾ ಮಲಗಿದ್ದೆ. ನಿದ್ದೆ ಬಂದಿರಲಿಲ್ಲ, ಇದನ್ನು ಎಷ್ಟು ಸಲ ಬೇಕಾದರೂ ಹೇಳುತ್ತೇನೆ. ಅಭ್ಯಾಸಬಲದಿಂದ ಗೋಡೆಯತ್ತ ನೋಡಿದೆ. ಚಿತ್ರದ ಮಗು ಕಣ್ಣು ಬಿಟ್ಟಿತ್ತು.

ಕಪ್ಪು ಕಣ್ಣುಗಳು. ತಾಯಿಯನ್ನಲ್ಲ, ನನ್ನನ್ನು ನೋಡುತ್ತಿದ್ದವು. ಹೆದರಿಸುವ ನೋಟವೇನಲ್ಲ; ಹಸಿವಾಗಿ ಎದ್ದ ಮಗು ಯಾರಾದರೂ ಬರುತ್ತಾರೇನೋ ಎಂದು ನೋಡುವ ಹಾಗೆ. ಕೈ ಮಾತ್ರ ಮೊದಲಿನಂತೆಯೇ ಜೋತುಬಿದ್ದಿತ್ತು. ಕಣ್ಣುಜ್ಜಿಕೊಂಡು ನೋಡಿದೆ. ಹಾಗೇ ಇತ್ತು.

“ಅತ್ತೇ, ಬನ್ನಿ ಇಲ್ಲಿ, ಈ ಚಿತ್ರ ನೋಡಿ!” ಎಂದು ಕೂಗಿದೆ. ನಾನು ಹೇಳಿದ್ದು ಅಷ್ಟೇ. ಅವರು ಹಿಟ್ಟಿನ ಕೈಯಲ್ಲೇ ಬಂದು ನೇರ ಗೋಡೆಯ ಮುಂದೆ ನಿಂತರು. ಸ್ವಲ್ಪ ಹೊತ್ತು ಅಲ್ಲಾಡಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ, “ಏಳು, ಚಪ್ಪಲಿ ಹಾಕ್ಕೋ, ಆಸ್ಪತ್ರೆಗೆ ಹೋಗೋಣ” ಎಂದರು.

“ಯಾಕತ್ತೆ?”

“ಮಗು ಒದೀತಾ ಇದೆಯೇನೇ?”

ಹೊಟ್ಟೆಯ ಮೇಲೆ ಕೈಯಿಟ್ಟೆ. ಬೆಳಿಗ್ಗೆ ಒದ್ದಿತ್ತೇ? ನೆನಪಾಗಲಿಲ್ಲ. ಇಡೀ ದಿನ ಅದನ್ನೇ ಕಾಯುವವಳು ಅಂದು ಆ ಹಾಳು ಚಿತ್ರ ನೋಡುತ್ತಾ ಮರೆತಿದ್ದೆ. ಒತ್ತಿದೆ, ತಟ್ಟಿದೆ. ಒಳಗೆ ಏನೂ ಇಲ್ಲ.

ಲಿಫ್ಟು ನಿಂತಿತ್ತು. ಮೆಟ್ಟಿಲಿಳಿದದ್ದು ಹೇಗೋ ತಿಳಿಯದು. ಆಟೋದಲ್ಲಿ ಅತ್ತೆ ತಮಗೆ ಬರುತ್ತಿದ್ದ ಎರಡೇ ಹಿಂದಿ ಪದಗಳನ್ನು ಕಿರುಚುತ್ತಿದ್ದರು, “ಭಯ್ಯಾ, ಜಲ್ದೀ!” ಮರುಕ್ಷಣ ಕನ್ನಡದಲ್ಲಿ, “ಅಯ್ಯೋ, ಗುಂಡಿ ನೋಡ್ಕೊಂಡು ಹೋಗಪ್ಪಾ!” ನಾನು ಹೊಟ್ಟೆ ಹಿಡಿದುಕೊಂಡು ಏಳು ಕಂದಾ, ಏಳು ಎನ್ನುತ್ತಿದ್ದೆ.

ಮಗುವಿನ ಕೊರಳಿಗೆ ಹೊಕ್ಕುಳಬಳ್ಳಿ ಸುತ್ತಿಕೊಂಡಿತ್ತಂತೆ, ಹೃದಯ ಬಡಿತ ಇಳಿಯುತ್ತಿತ್ತು. ಕೂಡಲೇ ಆಪರೇಷನ್ ಮಾಡಿದರು. ಹೊರಗೆ ತೆಗೆದಾಗ ಮಗು ಅಳಲಿಲ್ಲ. ಪರದೆಯಾಚೆ ಯಾರೂ ಮಾತಾಡದ ಆ ಹೊತ್ತು ನನ್ನ ಶತ್ರುವಿಗೂ ಬೇಡ. ಕೊನೆಗೊಮ್ಮೆ ಅತ್ತಳು. ಸಂಜೆಯವರೆಗೆ ಕಾದಿದ್ದರೆ ತಮ್ಮ ಕೈಯಲ್ಲಿ ಏನೂ ಇರುತ್ತಿರಲಿಲ್ಲವೆಂದು ಡಾಕ್ಟರು ಆಮೇಲೆ ಹೇಳಿದರು.

ಮನೆಗೆ ಬಂದು ನೋಡಿದರೆ ಚಿತ್ರದ ಮಗು ಕಣ್ಣು ಮುಚ್ಚಿತ್ತು. ಅದು ಯಾವಾಗಲೂ ಹಾಗೇ ಇತ್ತು ಎಂದರು ನನ್ನ ಗಂಡ. ಲವೀನಾ ತನ್ನ ಪುಸ್ತಕದಲ್ಲಿ ಅದೇ ಚಿತ್ರ ಹುಡುಕಿ ತೋರಿಸಿದಳು, ಅಲ್ಲೂ ನಿದ್ದೆಯೇ. ಸೆಖೆ, ಭಯ, ಕಿಟಕಿಯ ಬೆಳಕು, ಒಳಗೆ ಓಡಾಟ ನಿಂತದ್ದು ಮನಸ್ಸಿನ ಮೂಲೆಗೆಲ್ಲೋ ತಿಳಿದಿದ್ದದ್ದು. ಪಾಠ ಹೇಳುವವಳಲ್ಲವೇ, ಕಾರಣಗಳನ್ನು ನಾನೇ ಕೊಟ್ಟುಕೊಳ್ಳಬಲ್ಲೆ. ಅವನ್ನು ನಂಬಿ ಸುಮ್ಮನಾಗಿಯೂ ಬಿಡುತ್ತಿದ್ದೆ. ಆದರೆ ಅತ್ತೆಯನ್ನು ಏನು ಮಾಡಲಿ? ಕೇಳಿದಾಗಲೆಲ್ಲ, “ಚಿತ್ರ ಯಾರು ನೋಡಿದ್ರು? ನಿನ್ನ ಮುಖ ನೋಡಿ ಗಾಬರಿಯಾಯ್ತು, ಹೊರಡಿಸ್ದೆ” ಎನ್ನುತ್ತಾರೆ. ಸುಳ್ಳು. ತಿರುಗಿ ಮಾತಾಡುವವರೆಗೂ ನನಗೆ ಕಾಣುತ್ತಿದ್ದದ್ದು ಅವರ ಬೆನ್ನು.

ಮಗಳೀಗ ನನಗಿಂತ ಎತ್ತರ. ರಜೆಯ ಮಧ್ಯಾಹ್ನ ಅವಳು ಮಂಚದಿಂದ ಒಂದು ಕೈ ಇಳಿಬಿಟ್ಟು ಗಾಢವಾಗಿ ಮಲಗಿದ್ದರೆ ನನ್ನಿಂದ ತಡೆದುಕೊಳ್ಳಲು ಆಗುವುದಿಲ್ಲ. ಹೋಗಿ ಅಲ್ಲಾಡಿಸಿ ಎಬ್ಬಿಸುತ್ತೇನೆ. “ಕ್ಯಾ ಹೈ ಅಮ್ಮಾ! ಸೋನೇ ದೋ ನಾ!” ಎಂದು ರೇಗುತ್ತಾಳೆ, ಮಲಗಲು ಬಿಡು ಅಂತ. ಅವಳು ಚೆನ್ನಾಗಿ ಬೈದು, ಮಗ್ಗುಲು ಬದಲಿಸುವವರೆಗೂ ನಾನು ಅಲ್ಲೇ ನಿಂತಿರುತ್ತೇನೆ.